ಡಬ್ಬದಕ್ಕನ ದಿಬ್ಬ

ನಮ್ಮ ಅತ್ತಿಗೆಗೆ ಹಕ್ಕಿಗಳನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಬಂದರಿನವರು ಅಚ್ಚು ಹಾಕಿಸಿದ ನುಣುಪು ಕಾಗದದ ಪುಸ್ತಕದಲ್ಲಿ ಆಕೆಯ ಫೋಟೊ ಕೆಳಗೆ ‘ಹಕ್ಕಿಗಳ ತಾಯಿ’ ಎಂದು ಬರೆದಿದ್ದಾರೆ. ತಾಯಿಯಂತೆ! ಹಿತ್ತಲಿನ ಬಟ್ಟೆ ಹಗ್ಗದ ಮೇಲೆ ಒಂದು ಕಾಗೆ ಕೂತರೆ ಸಾಕು, ಒಲೆಯ ಮೇಲೆ ಹಾಲು ಉಕ್ಕಿದರೂ ಚಿಂತೆಯಿಲ್ಲ, ಪೊರಕೆ ಹಿಡಿದು ಓಡುವ ಹೆಂಗಸು ಆಕೆ.

ಬಂದರಿನಲ್ಲಿ ಎಲ್ಲರೂ ಆಕೆಯನ್ನು ಡಬ್ಬದಕ್ಕ ಎನ್ನುತ್ತಾರೆ. ಹಡಗಿನಿಂದ ಇಳಿಸಿದ ಜೋಳವನ್ನು ರಾಶಿ ಹಾಕುವ ಗೋದಾಮಿನಲ್ಲಿ ಹಕ್ಕಿ ಓಡಿಸುವುದು ಆಕೆಯ ಕೆಲಸ. ಆ ಗೋದಾಮಿಗೆ ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಲಾರಿ ನುಗ್ಗಲು ದೊಡ್ಡ ಬಾಯಿ. ಲಾರಿಗಿಂತ ಮೊದಲು ಅದರೊಳಗೆ ನುಗ್ಗುವುದು ಕಾಡುಬಾತು, ಕಡಲಕಾಗೆ, ಪಾರಿವಾಳ, ಜೋಳದ ಹುಳ ಹುಡುಕಿಕೊಂಡು ಬರುವ ಬೆಳ್ಳಕ್ಕಿ. ಅತ್ತಿಗೆ ಖಾಲಿ ಎಣ್ಣೆ ಡಬ್ಬವೊಂದನ್ನು ಹಗ್ಗ ಕಟ್ಟಿ ಕೊರಳಿಗೆ ತೂಗಿಕೊಂಡು, ಕೋಲಿನಿಂದ ಬಡಿಯುತ್ತ, ‘ಹೋ... ಹೋ...’ ಎಂದು ರಾಶಿಯ ಸುತ್ತ ಬರುತ್ತಾಳೆ. ಆ ಕೂಗಿಗೆ ಕ್ರೇನಿನವನು ಮೇಲಿನ ಗೂಡಿನಲ್ಲಿ ಬೆಚ್ಚಿಬಿದ್ದು ಚಹಾ ಚೆಲ್ಲಿಕೊಂಡದ್ದೂ ಉಂಟು.

ಈ ವಿದ್ಯೆ ಆಕೆಗೆ ತವರಿನಿಂದ ಬಂದ ಬಳುವಳಿ. ಆಕೆಯ ತಾಯಿ ಯಾರದೋ ಹೊಲದಲ್ಲಿ ಕೂಲಿಗೆ ಹಕ್ಕಿ ಓಡಿಸುತ್ತಿದ್ದವರು. ತೆನೆ ಕೊಯ್ಯುವಾಗ ಹೊಲದ ಆಚೆ ಮೂಲೆಯಲ್ಲಿ ಒಂದಿಷ್ಟು ಬಿಟ್ಟು, ಹಕ್ಕಿಗಳನ್ನು ಅತ್ತಲೇ ಅಟ್ಟುತ್ತಿದ್ದರಂತೆ. ‘ಓಡಿಸೋದೇನು ದೊಡ್ಡಸ್ತಿಕೆ ಅಲ್ಲ ಕಣೇ. ಎಲ್ಲಿಗೆ ಹೋಗ್ಬೇಕು ಅಂತ ಹೇಳಿ ಓಡಿಸ್ಬೇಕು. ಹೇಳ್ದೆ ಓಡಿಸಿದ್ರೆ ಸುತ್ತಿ ಬಳಸಿ ನಿನ್ನ ತಲೆ ಮೇಲೇ ಬಂದು ಕೂರ್ತಾವೆ’ ಎಂಬುದು ಆ ತಾಯಿಯ ಮಾತು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತಿಗೆ ಈ ಮಾತನ್ನು ಎಷ್ಟು ಸಲ ಹೇಳಿದ್ದಳೆಂದರೆ, ನಮ್ಮಮ್ಮ ಮನೆಗೆ ಬಂದ ನೆಂಟರನ್ನು ಕಳಿಸುವಾಗಲೂ ‘ಎಲ್ಲಿಗೆ ಹೋಗ್ತೀರಿ ಅಂತ ಹೇಳಿ ಹೋಗಿ, ಇಲ್ದಿದ್ರೆ ವಾಪಸ್ ಬರ್ತೀರಂತೆ’ ಎಂದು ಸೊಸೆಯ ಕಾಲೆಳೆಯುತ್ತಿದ್ದಳು.

ಗೋದಾಮಿನ ಹಕ್ಕಿಗಳಿಗೆ ಅತ್ತಿಗೆ ತೋರಿಸಿದ ಜಾಗ ಅಳಿವೆಯ ನಡುವಿನ ಕೆಸರು ದಿಬ್ಬ. ನದಿ ಸಮುದ್ರ ಸೇರುವ ಕಡೆ ಹೊತ್ತುತಂದ ಹೂಳನ್ನೆಲ್ಲ ಇಳಿಸಿ ಮಾಡಿಕೊಂಡ ದಿಬ್ಬ ಅದು. ಉಬ್ಬರದಲ್ಲಿ ಮುಳುಗುತ್ತದೆ, ಇಳಿತದಲ್ಲಿ ಏಳುತ್ತದೆ. ಎದ್ದಾಗ ಅದರ ಮೇಲೆ ಹಕ್ಕಿಗಳ ಜೊತೆ ನಮ್ಮಮ್ಮನೂ ಇರುತ್ತಾಳೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಆಳವಿಲ್ಲದ ನೀರು ದಾಟಿ ಹೋಗಿ, ಬಗ್ಗಿ, ಕೆಸರಿನಲ್ಲಿ ಬೆರಳಾಡಿಸಿ ಕಪ್ಪೆಚಿಪ್ಪು ಆರಿಸುತ್ತಾಳೆ. ಅಣ್ಣನನ್ನೂ ನನ್ನನ್ನೂ ಓದಿಸಿದ್ದು, ಮನೆಗೆ ಹಂಚು ಹೊದಿಸಿದ್ದು ಆ ಚಿಪ್ಪು. ಅಣ್ಣ ಈಗ ಹಡಗುಗಳನ್ನು ಎಳೆಯುವ ಟಗ್ಗಿನಲ್ಲಿ ಹಗ್ಗದ ಕೆಲಸಕ್ಕಿದ್ದಾನೆ, ಮನೆಯಲ್ಲಿರುವುದಕ್ಕಿಂತ ನೀರಿನ ಮೇಲಿರುವುದೇ ಹೆಚ್ಚು. ನಾನು ಬಂದರು ಕಚೇರಿಯ ಸಭಾಂಗಣದಲ್ಲಿದ್ದೇನೆ. ಪರದೆ ಎಳೆಯುವುದು, ಮೈಕು ಜೋಡಿಸುವುದು, ನೀರಿನ ಬಾಟಲಿ ಇಡುವುದು, ಆಮೇಲೆ ಗೋಡೆಗೊರಗಿ ನಿಂತು ದೊಡ್ಡವರ ಮಾತು ಕೇಳುವುದು ನನ್ನ ಕೆಲಸ. ಕೊನೆಯದಕ್ಕೆ ಸಂಬಳವಿಲ್ಲ, ಆದರೆ ಅದರಲ್ಲೇ ರುಚಿ ಜಾಸ್ತಿ.

ಆ ಸಭಾಂಗಣದ ಗೋಡೆಯಲ್ಲೊಂದು ದೊಡ್ಡ ಚಿತ್ರವಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಹಡಗು, ಇನ್ನೊಂದರಲ್ಲಿ ಬೆಳ್ಳಕ್ಕಿ, ಮುಳ್ಳು ಸರಿಯಾಗಿ ಮಧ್ಯೆ. ಕೆಳಗೆ ‘ಅಭಿವೃದ್ಧಿಯೂ ಬೇಕು, ಪರಿಸರವೂ ಬೇಕು’ ಎಂಬ ಬರಹ. ವರ್ಷಕ್ಕೊಮ್ಮೆ ಮನೆಯವರನ್ನು ಒಳಗೆ ಬಿಡುವ ದಿನ ನಮ್ಮಮ್ಮ ಅದನ್ನು ಕತ್ತೆತ್ತಿ ನೋಡಿ, ‘ಹಡಗಿನ ತೂಕಕ್ಕೆ ಸಮ ಬರೋ ಹಕ್ಕಿ! ಏನು ತಿನ್ನಿಸಿದ್ರಮ್ಮ ಇದಕ್ಕೆ?’ ಎಂದು ಗಟ್ಟಿಯಾಗಿಯೇ ಕೇಳಿ ನನ್ನ ಮಾನ ಕಳೆದಿದ್ದಳು.

ಈ ತಕ್ಕಡಿ ಹಿಡಿಯಲು ನಮ್ಮಲ್ಲಿ ಇಬ್ಬರು ಸಾಹೇಬರಿದ್ದಾರೆ. ಹೂಳೆತ್ತಿಸಿ ಹಡಗಿನ ದಾರಿ ಆಳ ಮಾಡಿಸುವ ಎಂಜಿನಿಯರನ್ನು ನಾವೆಲ್ಲ ಹೂಳು ಸಾಹೇಬರು ಎನ್ನುತ್ತೇವೆ. ಪರಿಸರ ವಿಭಾಗದವರು ಹಸಿರು ಸಾಹೇಬರು. ಇಬ್ಬರ ಕೋಣೆಗೂ ನಡುವೆ ಒಂದೇ ಗೋಡೆ. ಒಬ್ಬರು ಸೀನಿದರೆ ಇನ್ನೊಬ್ಬರಿಗೆ ಕೇಳುತ್ತದೆ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ಪತ್ರವಾಗಿ, ಮೊಹರು ಬಿದ್ದು, ನನ್ನ ಕೈಯಲ್ಲಿ ಕಾರಿಡಾರು ಸುತ್ತಿಯೇ ಹೋಗಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದಕ್ಕೆ ಇವರು ಹತ್ತಿರ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ನೊಗ ಹೊತ್ತದ್ದು ಇಬ್ಬರಲ್ಲಿ ಯಾರೂ ಅಲ್ಲ, ನಮ್ಮ ಅತ್ತಿಗೆ.

ಅದು ಆದದ್ದು ಹೀಗೆ. ಅಳಿವೆಯಲ್ಲಿ ಹಕ್ಕಿಗಳು ಕಡಿಮೆಯಾಗಬಾರದು ಎಂದು ಮೇಲಿನಿಂದ ಆದೇಶ ಬಂತು. ಹಕ್ಕಿಗಳ ವಿಷಯದಲ್ಲಿ ಅನುಭವವಿರುವ ಒಬ್ಬರು ಬೇಕೆಂದು ಹಸಿರು ಸಾಹೇಬರು ಹುಡುಕಿಸಿದರು. ಇಡೀ ಬಂದರಿನ ನೌಕರರಲ್ಲಿ ಹಕ್ಕಿ ಎಂಬ ಶಬ್ದ ಇದ್ದದ್ದು ಒಬ್ಬಳ ಕೆಲಸದ ವಿವರದಲ್ಲಿ ಮಾತ್ರ. ‘ಅನುಭವ ಇದೆಯಲ್ಲ, ಸಾಕು’ ಎಂದರು. ಎಂಥ ಅನುಭವ ಎಂದು ಅವರೂ ಕೇಳಲಿಲ್ಲ, ಅತ್ತಿಗೆಯೂ ಹೇಳಲಿಲ್ಲ. ಅಂದಿನಿಂದ ಉಬ್ಬರ ಇಳಿಯುವವರೆಗೆ ಕೇಸರಿ ಬಣ್ಣದ ಜಾಕೀಟು ಹಾಕಿಕೊಂಡು ಗೋದಾಮಿನಲ್ಲಿ ಹಕ್ಕಿ ಓಡಿಸುವುದು. ಇಳಿತದ ಹೊತ್ತಿಗೆ ಗೋದಾಮಿನ ಹಿಂದೆ ಹೋಗಿ ಜಾಕೀಟು ಬದಲಿಸಿ, ಹಸಿರು ಬಣ್ಣದಲ್ಲಿ ದಿಬ್ಬಕ್ಕೆ ಹೋಗಿ ಹಕ್ಕಿ ಕರೆಯುವುದು. ಕರೆಯಲು ಗೋದಾಮಿನಲ್ಲಿ ಗುಡಿಸಿದ ಜೋಳವನ್ನೇ ಚೀಲದಲ್ಲಿ ಒಯ್ಯುತ್ತಿದ್ದಳು. ಕೆಸರಿನ ಮೇಲೆ ಅದನ್ನು ಚೆಲ್ಲಿ, ‘ಬನ್ರೋ ಹಾಳಾದವೇ, ತಿನ್ನಿ’ ಎಂದು ಅದೇ ಡಬ್ಬ ಬಡಿಯುತ್ತಿದ್ದಳು. ಕರೆಯುವುದಕ್ಕೆ ಬೇರೆ ಡಬ್ಬ ಕೊಡಿ ಎಂದು ಆಕೆ ಕೇಳಿದ್ದುಂಟು. ಒಬ್ಬಳಿಗೆ ಒಂದೇ ಡಬ್ಬ ಎಂದು ಉಗ್ರಾಣದವನು ಒಪ್ಪಲಿಲ್ಲ.

ಹೀಗೆ ವರ್ಷಗಳು ಕಳೆದವು. ಗೋದಾಮಿನಲ್ಲಿ ಡಬ್ಬ ಬಡಿದರೆ ಹಕ್ಕಿಗಳು ಹಿಂಡು ಹಿಂಡಾಗಿ ಏಳುತ್ತಿದ್ದವು. ಅತ್ತಿಗೆಯ ಹೆಮ್ಮೆಗೆ ಪಾರವಿರಲಿಲ್ಲ. ‘ನೋಡಿದ್ಯೇನೇ, ಒಂದೇ ಏಟಿಗೆ! ಬೇರೆ ಬಂದರಿನಲ್ಲಿ ಬಂದೂಕು ಹಾರಿಸ್ತಾರಂತೆ’ ಎಂದು ನನಗೆ ರಾತ್ರಿ ಊಟಕ್ಕೆ ಅದೇ ಕಥೆ ಬಡಿಸುತ್ತಿದ್ದಳು. ಅಮ್ಮ ಮಾತ್ರ, ‘ನಿನ್ನ ಡಬ್ಬಕ್ಕಲ್ಲಮ್ಮ, ನೀರು ಇಳೀತು ಅಂತ ಹೋಗ್ತಾವೆ’ ಎನ್ನುವಳು. ಅತ್ತಿಗೆ ಮೂತಿ ತಿರುವಿ ಪಾತ್ರೆ ತೊಳೆಯಲು ಹೋಗುವಳು. ಪಾತ್ರೆಗಳು ಅವತ್ತು ಜೋರಾಗಿ ಸದ್ದು ಮಾಡುತ್ತಿದ್ದವು.

ತೊಂದರೆ ಶುರುವಾದದ್ದು ದೊಡ್ಡ ಹಡಗಿನಿಂದ. ಇನ್ನೂ ದೊಡ್ಡ ಹಡಗುಗಳು ಬರಬೇಕು, ಬಂದರೆ ತಿರುಗಬೇಕು, ತಿರುಗಲು ದಿಬ್ಬ ಅಡ್ಡ. ದಿಬ್ಬವನ್ನೇ ಅಗೆದು ತೆಗೆಯುವುದೆಂದು ಹೂಳು ಸಾಹೇಬರು ನಕ್ಷೆ ಹಾಕಿದರು. ನಕ್ಷೆಯಲ್ಲಿ ದಿಬ್ಬ ಒಂದು ಬೂದು ಚುಕ್ಕೆ, ರಬ್ಬರು ತಗೊಂಡು ಉಜ್ಜಿದರೆ ಹೋಗುವಷ್ಟು. ಆದರೆ ಮೇಲಿನವರ ಸಮಿತಿ ಬಂದು, ಅಲ್ಲಿ ಹಕ್ಕಿಗಳಿಲ್ಲ ಎಂದು ಕಣ್ಣಾರೆ ನೋಡಿ ಹೋಗಬೇಕು. ಅದಿಲ್ಲದೆ ಒಂದು ಬುಟ್ಟಿ ಕೆಸರು ತೆಗೆಯುವಂತಿಲ್ಲ.

ಹೂಳು ಸಾಹೇಬರು ಅತ್ತಿಗೆಯನ್ನು ಕರೆಸಿದರು. ನಾನು ಚಹಾ ಇಡುವ ನೆಪದಲ್ಲಿ ಒಳಗಿದ್ದೆ.

“ಏನಮ್ಮ, ಗೋದಾಮಿನಲ್ಲಿ ಒಂದೇ ಏಟಿಗೆ ಓಡಿಸ್ತೀಯಂತೆ. ಸಮಿತಿ ಬಂದ ದಿನ ದಿಬ್ಬದ ಮೇಲೂ ಓಡಿಸ್ತೀಯಾ?”

“ಓಡಿಸ್ತೀನಿ ಸಾರ್. ಅದೇನು ದೊಡ್ಡ ಮಾತು.”

“ಒಂದು ಹಕ್ಕಿ ಕಾಣಬಾರದು. ಆಯ್ತು ಅಂದ್ರೆ ನಿನ್ನ ಗುತ್ತಿಗೆ ಕಿತ್ತುಹಾಕಿ ಕಾಯಂ ಮಾಡಿಸ್ತೀನಿ.”

ವರ್ಷ ವರ್ಷವೂ ಗುತ್ತಿಗೆ ಮುಂದುವರಿಸಿ ಎಂದು ಬಾಗಿಲು ಬಾಗಿಲಿಗೆ ನಿಂತು ಸವೆದವಳು ಅತ್ತಿಗೆ. ಕಾಯಂ ಎಂಬ ಮಾತು ಕಿವಿಗೆ ಬಿದ್ದದ್ದೇ ಆಕೆಯ ಬೆನ್ನು ನೆಟ್ಟಗಾಯಿತು.

ಹೊರಗೆ ಬಂದರೆ ಪಕ್ಕದ ಬಾಗಿಲಲ್ಲಿ ಹಸಿರು ಸಾಹೇಬರು ನಿಂತಿದ್ದರು. ಗೋಡೆ ಒಂದೇ ಅಲ್ಲವೇ, ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಕರೆದು ಬಾಗಿಲು ಹಾಕಿ ದನಿ ತಗ್ಗಿಸಿದರು.

“ಪೂರ್ತಿ ಓಡಿಸ್ಬೇಡಮ್ಮ. ಹಕ್ಕೀನೇ ಇಲ್ಲ ಅಂದ್ರೆ ನನ್ನ ವಿಭಾಗ ಮುಚ್ತಾರೆ.”

“ಹಾಗಾದ್ರೆ ಇರ್ಲಿ ಅಂತೀರಾ ಸಾರ್?”

“ತುಂಬ ಇದ್ರೆ ಬಂದರು ಕೆಲಸ ನಿಲ್ಸಿದ್ದು ನಾನು ಅಂತಾರೆ. ಹೆಚ್ಚೂ ಬೇಡ, ಕಮ್ಮೀನೂ ಬೇಡ. ಸಮತೋಲನ ಇರ್ಲಿ.”

“ಸಾರ್, ಅವು ಹಕ್ಕಿ. ಅರ್ಧ ಹೋಗಿ ಅರ್ಧ ಇರಿ ಅಂದ್ರೆ ಕೇಳ್ತಾವಾ?”

“ನಿನಗೆ ಅನುಭವ ಇದೆಯಲ್ಲ,” ಎಂದರು ಹಸಿರು ಸಾಹೇಬರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಆದರೆ ಕೋಲು ಮಾತ್ರ ಅತ್ತಿಗೆಯ ಕೈಯಲ್ಲಿರಬೇಕು ಎಂಬುದು ಅವರ ಪರಿಸರ ನೀತಿಯಾಗಿತ್ತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅತ್ತಿಗೆ ಅಮ್ಮನಿಗೆ ಬೆನ್ನು ಹಾಕಿ ನಿಂತೇ ವಿಷಯ ಹೇಳಿದಳು. ಅಮ್ಮ ಬೇಯಿಸಿದ ಚಿಪ್ಪುಗಳಿಂದ ಮಾಂಸ ಬಿಡಿಸುತ್ತಿದ್ದಳು.

“ಸಮಿತಿ ಬಂದ ದಿನ ನೀವು ದಿಬ್ಬಕ್ಕೆ ಬರ್ಬೇಡಿ ಅತ್ತೆ. ಹಕ್ಕಿ ಓಡಿಸೋದಿದೆ.”

“ಹಕ್ಕಿ ಇಲ್ಲ ಅಂತಾದ್ರೆ ದಿಬ್ಬಾನೂ ಇರಲ್ಲ. ಅದು ಗೊತ್ತಾ ನಿಂಗೆ?”

“ಗೊತ್ತು. ನನಗೆ ಕಾಯಂ ಆಗತ್ತೆ ಅತ್ತೆ.”

“ನಾನು ಸೊಸೆಯಾಗಿ ಬಂದಾಗಿಂದ ಆ ದಿಬ್ಬ ಅಲ್ಲೇ ಇದೆ. ಅದಕ್ಕಿಂತ ಕಾಯಂ ಆದದ್ದು ಯಾವುದಮ್ಮ?”

‘ಬಂದರಿನವರ ಅನ್ನ ತಿಂದು ಅವರಿಗೇ ಎರಡು ಬಗೆಯೋಕಾಗತ್ತಾ?’ ಎಂದು ಆಮೇಲೆ ಅತ್ತಿಗೆ ನನ್ನ ಹತ್ತಿರ ಅತ್ತಳು. ಅವಳ ಮೇಲೆ ನನಗೆ ಕೋಪ ಬಂದಿತ್ತು, ಸುಳ್ಳೇಕೆ ಹೇಳಲಿ. ಅಮ್ಮನ ಚಿಪ್ಪಿನ ಅನ್ನವನ್ನೂ ತಿಂದವಳಲ್ಲವೇ ಅವಳು? ಆದರೆ ಸಭಾಂಗಣದ ಸಂಬಳ ತಿನ್ನುವ ನಾನು ಯಾವ ಬಾಯಿಂದ ಹೇಳಲಿ? ಅಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ನೀರು ಬೇಕಾದರೂ ನನ್ನ ಕಡೆ ನೋಡಿ ಕೇಳುವಳು. ನಾನು ಮನೆಯಲ್ಲೂ ಎರಡು ಕೋಣೆಗಳ ನಡುವೆ ಪತ್ರ ಒಯ್ಯುವವಳಾದೆ.

ಸಮಿತಿ ಬಂತು. ಅಗಲ ಟೋಪಿಯ ಮೂವರು, ಅವರಲ್ಲಿ ಅಧ್ಯಕ್ಷೆ ನರೆಗೂದಲಿನ ತೆಳ್ಳನೆಯ ಹೆಂಗಸು. ಲಾಂಚಿನಲ್ಲಿ ಇಬ್ಬರು ಸಾಹೇಬರೂ ಅವರ ಎಡಬಲಕ್ಕೆ ಕೂತರು. ನಾನು ನೀರಿನ ಬಾಟಲಿಗಳ ಪೆಟ್ಟಿಗೆಯ ಮೇಲೆ ಕೂತೆ. ಇಳಿತದ ಹೊತ್ತು. ದಿಬ್ಬ ಆಗಷ್ಟೇ ಎದ್ದು ಹೊಳೆಯುತ್ತಿತ್ತು. ಆಚೆ ಅಂಚಿನಲ್ಲಿ ಒಂದಿಷ್ಟು ಹಕ್ಕಿಗಳಿದ್ದವು, ಹೆಚ್ಚೇನಿಲ್ಲ. ನಡುವೆ ಅತ್ತಿಗೆ, ಕೊರಳಲ್ಲಿ ಡಬ್ಬ. ಯಾವ ಜಾಕೀಟು ಹಾಕಬೇಕೆಂದು ತಿಳಿಯದೆ ಎರಡನ್ನೂ ಒಂದರ ಮೇಲೊಂದು ಹಾಕಿದ್ದಳು.

ಲಾಂಚು ಹತ್ತಿರವಾಗುತ್ತಿದ್ದಂತೆ ಹೂಳು ಸಾಹೇಬರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಓಡಿಸು ಎಂಬುದಕ್ಕೆ ಅದೇ ಸನ್ನೆ. ಅತ್ತಿಗೆ ಕಣ್ಣು ಮುಚ್ಚಿ ಕೋಲು ಎತ್ತಿದಳು. ಢಣ್ ಢಣ್ ಢಣ್. ‘ಹೋ... ಹೋ...’

ಆಚೆ ಅಂಚಿನ ಹಕ್ಕಿಗಳು ಎದ್ದವು. ಹೂಳು ಸಾಹೇಬರ ಮುಖ ಅರಳಿತು. ಎದ್ದ ಹಕ್ಕಿಗಳು ಒಂದು ಸುತ್ತು ಬಂದು ನೇರವಾಗಿ ಅತ್ತಿಗೆಯ ಕಾಲ ಬುಡದಲ್ಲಿ ಇಳಿದವು. ಅತ್ತಿಗೆ ಗಾಬರಿಯಾಗಿ ಇನ್ನೂ ಜೋರಾಗಿ ಬಡಿದಳು. ಬಡಿದಷ್ಟೂ ಬಂದವು. ಗೋದಾಮಿನ ಮಾಡಿನಿಂದ ಎದ್ದು ಬಂದವು, ಕ್ರೇನಿನ ಕೊಕ್ಕೆಯಿಂದ ಬಂದವು, ಆಚೆ ದಡದ ಪೊದೆಗಳಿಂದ ಬಂದವು. ಬಾತುಗಳು ಕಿರುಚುತ್ತ ನೀರಿಗೆ ಬಿದ್ದು ಈಜಿ ಬಂದವು. ಕಡಲಕಾಗೆಯೊಂದು ಅಧ್ಯಕ್ಷೆಯ ಟೋಪಿಯ ಮೇಲೆ ಕೂತು ಇನ್ನೊಂದಕ್ಕೆ ಜಾಗ ಕೊಡದೆ ಜಗಳಾಡಿತು. ದಿಬ್ಬದ ಕೆಸರು ಕಾಣದಷ್ಟು ಹಕ್ಕಿ, ನಡುವೆ ಎರಡು ಬಣ್ಣದ ಜಾಕೀಟಿನ ನಮ್ಮ ಅತ್ತಿಗೆ, ಅಳುತ್ತ ಡಬ್ಬ ಬಡಿಯುತ್ತಿದ್ದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ನನಗೆ ಆಗ ಹೊಳೆಯಿತು. ಆ ಡಬ್ಬಕ್ಕೆ ಯಾವ ಹಕ್ಕಿಯೂ ಯಾವತ್ತೂ ಹೆದರಿರಲೇ ಇಲ್ಲ. ಅದು ಅವುಗಳ ಪಾಲಿಗೆ ಊಟದ ಗಂಟೆ. ಗೋದಾಮಿನಲ್ಲಿ ಬಾರಿಸಿದರೆ, ಇನ್ನು ದಿಬ್ಬದಲ್ಲಿ ಎಲೆ ಹಾಕುತ್ತಾರೆ ಎಂದು ತಿಳಿದು ಎದ್ದು ಹೋಗುತ್ತಿದ್ದವು. ದಿಬ್ಬದಲ್ಲಿ ಬಾರಿಸಿದರೆ ಪಂಕ್ತಿ ಸಿದ್ಧ ಎಂದರ್ಥ. ಬಂದರು ಇಷ್ಟು ವರ್ಷ ಸಂಬಳ ಕೊಟ್ಟು ಓಡಿಸಿದ್ದು ಉಣ್ಣಲು ಹೊರಟ ಅತಿಥಿಗಳನ್ನು.

ಅಧ್ಯಕ್ಷೆ ಕಣ್ಣೊರೆಸಿಕೊಂಡರು. “ಇಂಥ ಬಾಂಧವ್ಯ ನಾನೆಲ್ಲೂ ನೋಡಿಲ್ಲ,” ಎಂದರು. “ಆ ತಾಯಿ ಅಳ್ತಿದ್ದಾಳೆ, ನೋಡಿ! ದಿಬ್ಬ ಹೋಗತ್ತೆ ಅಂತ ಹಕ್ಕಿಗಳಿಗಾಗಿ ಅಳ್ತಿದ್ದಾಳೆ.” ಹಸಿರು ಸಾಹೇಬರು ಕೂಡಲೇ ತಲೆಬಾಗಿ, “ನಮ್ಮ ವಿಭಾಗದವಳೇ ಮೇಡಂ,” ಎಂದರು. ಹೂಳು ಸಾಹೇಬರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನೀರು ನೋಡುತ್ತಿದ್ದರು.

ಆ ಸಂಜೆ ಅತ್ತಿಗೆ ಮೂಲೆ ಹಿಡಿದು ಕೂತಳು. “ಹಾಗಾದ್ರೆ ಇಷ್ಟು ವರ್ಷ ನಾನು ಒಂದು ಹಕ್ಕೀನೂ ಓಡಿಸಿಲ್ವೇನೇ?” ಎಂದು ಬಿಕ್ಕಿದಳು. ಕೆಲಸ ಹೋಗುವ ಭಯಕ್ಕಿಂತ ಅದೇ ಆಕೆಗೆ ದೊಡ್ಡ ಪೆಟ್ಟು. ಅಮ್ಮ ಮಾತು ಬಿಟ್ಟದ್ದನ್ನು ಮರೆತು, ನಕ್ಕು ನಕ್ಕು ಸುಸ್ತಾಗಿ, ಸೊಸೆಯ ತಟ್ಟೆಗೆ ತಾನೇ ಬಡಿಸಿದಳು. “ತಿನ್ನಮ್ಮ, ಡಬ್ಬ ಬಡಿದೇ ಕರೀಬೇಕಾ?” ಎಂದಳು. ಅತ್ತಿಗೆಗೂ ಅಳುವಿನ ನಡುವೆ ನಗು ಬಂತು. ದಿಬ್ಬ ಉಳಿಯಿತು ಎಂದು ಅವತ್ತು ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡೆವು.

ಸಮಿತಿಯ ತೀರ್ಮಾನವನ್ನು ಓದಿದ್ದು ನಮ್ಮ ಸಭಾಂಗಣದಲ್ಲೇ, ಆ ತಕ್ಕಡಿಯ ಕೆಳಗೆ. ದಿಬ್ಬದ ಅರ್ಧವನ್ನು ಹಡಗು ತಿರುಗಲು ಅಗೆಯಬಹುದು. ಉಳಿದರ್ಧ ಹಕ್ಕಿಗಳಿಗೆ ಮೀಸಲು, ಸುತ್ತ ಕಂಬ ನೆಟ್ಟು ಹಗ್ಗ ಕಟ್ಟಿ ಮನುಷ್ಯರು ಕಾಲಿಡದಂತೆ ಕಾಯಬೇಕು. ಇಬ್ಬರು ಸಾಹೇಬರೂ ಎದ್ದು ಕೈ ಕುಲುಕಿದರು. ಒಂದೇ ಗೋಡೆಯ ಆಚೆ ಈಚೆ ಇದ್ದವರು ಅವತ್ತು ಮೊದಲ ಸಲ ಪತ್ರವಿಲ್ಲದೆ ಮಾತಾಡಿದರು. ನಾನು ಮನೆಗೆ ಬಂದು ಹೇಳಿದಾಗ ಅಮ್ಮ ಬುಟ್ಟಿ ನೇಯುತ್ತಿದ್ದವಳು ಕೈ ನಿಲ್ಲಿಸಿದಳು.

“ಅರ್ಧ ಹಡಗಿಗೆ, ಅರ್ಧ ಹಕ್ಕಿಗೆ. ನನಗೆ?”

ತಕ್ಕಡಿಗೆ ಇರುವುದು ಎರಡೇ ತಟ್ಟೆ ಎಂದು ನಾನು ಹೇಗೆ ಹೇಳಲಿ?

ಅತ್ತಿಗೆಗೆ ಕಾಯಂ ಆಯಿತು. ಅಧ್ಯಕ್ಷೆಯೇ ಶಿಫಾರಸು ಮಾಡಿದ್ದರಿಂದ ಯಾರೂ ತಡೆಯುವಂತಿರಲಿಲ್ಲ. ಹುದ್ದೆಯ ಹೆಸರು ‘ದಿಬ್ಬ ರಕ್ಷಕಿ’, ಮೂರನೆಯ ಜಾಕೀಟು ನೀಲಿ. ಕೆಲಸ ಒಂದೇ: ದಿಬ್ಬದ ಮೇಲೆ ಮನುಷ್ಯರು ಕಂಡರೆ ಡಬ್ಬ ಬಡಿದು ಓಡಿಸುವುದು. ನಮ್ಮ ಬಂದರಿನಲ್ಲಿ ದಿಬ್ಬದ ಮೇಲೆ ಕಾಣುವ ಮನುಷ್ಯರೆಂದರೆ ನಮ್ಮಮ್ಮ ಒಬ್ಬಳೇ.

ಮೊದಲ ದಿನ ಅಮ್ಮ ಎಂದಿನಂತೆ ಬುಟ್ಟಿ ಹಿಡಿದು ಹೊರಟಳು. ‘ಹೋಗ್ಬೇಡಮ್ಮ’ ಎಂದೆ. ‘ಸಂಜೆಗೆ ನೀನೇನು ತಿಂತೀಯ?’ ಎಂದಳು. ದಿಬ್ಬದ ಮೇಲೆ ಆದ ಮಾತನ್ನು ನಾನು ಆಮೇಲೆ ಇಬ್ಬರ ಬಾಯಲ್ಲೂ ಕೇಳಿದ್ದೇನೆ, ಇಬ್ಬರೂ ಒಂದೇ ತರಹ ಹೇಳಿದರು.

ಅತ್ತಿಗೆ ಹಗ್ಗದ ಆಚೆ ನಿಂತು ನೋಡಿದಳು. ಅಮ್ಮ ಹಗ್ಗ ಎತ್ತಿ, ತಲೆ ಬಗ್ಗಿಸಿ ಒಳಗೆ ಬಂದಳು, ಬಗ್ಗಿದವಳು ಹಾಗೆಯೇ ಕೆಸರಿಗೆ ಕೈ ಹಾಕಿದಳು. ಅತ್ತಿಗೆ ಕೋಲು ಎತ್ತಿ ಡಬ್ಬಕ್ಕೆ ಮೆಲ್ಲಗೆ ಒಂದು ಏಟು ಹಾಕಿದಳು. ಬಾಗಿಲು ತಟ್ಟಿದಷ್ಟು ಸದ್ದು. ನಾಲ್ಕು ಬೆಳ್ಳಕ್ಕಿಗಳು ಬಂದು ಅಮ್ಮನ ಪಕ್ಕದಲ್ಲಿಳಿದವು.

ಅಮ್ಮ ಸೊಂಟ ಹಿಡಿದುಕೊಂಡು ಎದ್ದು ನಿಂತಳು. “ಓಡಿಸ್ತೀಯಾ?”

“ಏನ್ ಮಾಡ್ಲಿ ಅತ್ತೆ. ಕಾಯಂ ಮಾಡಿದ್ದಾರೆ.”

“ಓಡಿಸು, ಬೇಡ ಅನ್ನಲ್ಲ. ನಿಮ್ಮಮ್ಮ ಹೇಳಿದ್ದು ನಿಂಗೆ ನೆನಪಿದೆಯಲ್ಲ? ಎಲ್ಲಿಗೆ ಹೋಗ್ಲಿ ಅಂತ ಹೇಳು. ಹೋಗ್ತೀನಿ.”

ಅತ್ತಿಗೆ ಎಡಕ್ಕೆ ನೋಡಿದಳು, ಹೂಳೆತ್ತುವ ಹಡಗು ದಿಬ್ಬದ ಅರ್ಧವನ್ನು ಮೆಲ್ಲುತ್ತಿತ್ತು. ಬಲಕ್ಕೆ ನೋಡಿದಳು, ಬಂದರಿನ ಬೇಲಿ. ಹಿಂದೆ ಸಮುದ್ರ. ಕೈ ಎತ್ತಿ ತೋರಿಸಲು ಒಂದು ಜಾಗವೂ ಕಾಣಲಿಲ್ಲ. ಕೊನೆಗೆ ಕೊರಳಿನ ಹಗ್ಗ ತೆಗೆದು ಡಬ್ಬವನ್ನು ಅಂಗಾತ ಮಾಡಿ ಅತ್ತೆಯ ಮುಂದೆ ಇಟ್ಟಳು. “ಬುಟ್ಟಿ ಚಿಕ್ಕದಾಯ್ತು, ಇದಕ್ಕೂ ತುಂಬಿ,” ಎಂದಳು. ಆಮೇಲೆ ಸೀರೆ ಎತ್ತಿ ಕಟ್ಟಿ ತಾನೂ ಬಗ್ಗಿದಳು.

ಅದೇ ಹೊತ್ತಿಗೆ ನಾನು ಸಭಾಂಗಣದ ಕಿಟಕಿ ಒರೆಸುತ್ತಿದ್ದೆ. ಹಸಿರು ಸಾಹೇಬರು ದುರ್ಬೀನು ಹಿಡಿದು ದಿಬ್ಬದ ಹಕ್ಕಿ ಎಣಿಸಲು ಬಂದು ಪಕ್ಕದಲ್ಲಿ ನಿಂತರು. ಅವರಿಗೆ ಬಾತು ಯಾವುದು, ಬೆಳ್ಳಕ್ಕಿ ಯಾವುದು ಎಂದು ಹೇಳುವವಳು ಮೊದಲಿನಿಂದಲೂ ನಾನೇ. ದುರ್ಬೀನು ಒಂದು ಕಡೆ ನಿಂತಿತು. ನಾನು ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ.

“ಆ ಎರಡು... ಅವೇನು?”

“ಹಕ್ಕಿ ಸಾರ್.”

“ಇಷ್ಟು ದೊಡ್ಡವಾ?”

“ಕೆಸರಲ್ಲಿ ಬಗ್ಗಿ ತಿನ್ನೋ ಜಾತಿ ಸಾರ್.”

ಅವರು ದುರ್ಬೀನು ಇಳಿಸಲಿಲ್ಲ. ಆ ದುರ್ಬೀನಿನಲ್ಲಿ ಸೀರೆಯ ಅಂಚೂ ಕಾಣುತ್ತದೆಂದು ನನಗೆ ಗೊತ್ತು. ಗೋಡೆಯ ಮೇಲಿನ ತಕ್ಕಡಿಯ ಕಡೆ ಒಮ್ಮೆ ತಿರುಗಿ ನೋಡಿದರು, ಮತ್ತೆ ದಿಬ್ಬದ ಕಡೆ ನೋಡಿದರು.

“ವಲಸೆ ಬಂದವಾ?” ಎಂದು ಕೇಳಿದರು, ದನಿ ಯಾಕೋ ತಗ್ಗಿತ್ತು.

“ಇಲ್ಲ ಸಾರ್,” ಎಂದೆ. “ಇಲ್ಲಿಯವೇ.”

ಅವರು ದುರ್ಬೀನನ್ನು ಚೀಲಕ್ಕೆ ಹಾಕಿ, “ಎರಡು ಅಂತ ಬರ್ಕೊ,” ಎಂದು ಹೇಳಿ ತಮ್ಮ ಕೋಣೆಗೆ ಹೋದರು.